ಮುಚ್ಚಬಾರದ ಸ್ಕ್ರೀನು

ಆಗುವ ಮಾತಲ್ಲ ಎಂದು ಮೊದಲು ಹೇಳಿದವನು ನನ್ನ ಸೋದರಮಾವ. ಹೇಳಿದ್ದು ಒಂದು ಸಲವಲ್ಲ. ನಾನು ಪಿಯುಸಿ ಪಾಸಾದಾಗ ಹೇಳಿದ, ಬಿಸಿಎಗೆ ಸೇರಿದಾಗ ಹೇಳಿದ, ಕೊನೆಯ ಸೆಮಿಸ್ಟರಿನಲ್ಲಿ ಅವನು ಗುಮಾಸ್ತನಾಗಿದ್ದ ಮಾವಿನ ಮಂಡಿಗೇ ಹೋಗಿ ನಿಂತಾಗಲೂ ಹೇಳಿದ.

"ನಮ್ಮ ಮನೇಲಿ ಡಿಗ್ರಿ ಅನ್ನೋದು ಆಗೋ ಮಾತಲ್ಲ ಕಣಮ್ಮಿ. ನಮ್ದೇನಿದ್ರೂ ಸೊಪ್ಪು, ಹುಳ, ಗೂಡು."

ಹಿಪ್ಪುನೇರಳೆ ಸೊಪ್ಪು ಕೊಯ್ದು, ರೇಷ್ಮೆ ಹುಳ ಸಾಕಿ, ಗೂಡು ಮಾರುವ ಮನೆ ನಮ್ಮದು; ಅಷ್ಟು ನಿಜ. ಉಳಿದದ್ದು ಅವನ ಸ್ವಂತ ಸಂಶೋಧನೆ. ಅವನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಟ್ಟದ್ದಕ್ಕೆ ನನ್ನ ತಕರಾರಿಲ್ಲ. ನಮ್ಮಮ್ಮ ಶಾಲೆಯ ಬಾಗಿಲನ್ನೇ ಕಂಡವಳಲ್ಲ. ಆದರೆ ಅಮ್ಮ ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಾಳೆ. ಮಾವ ತನಗೆ ಗೊತ್ತಿಲ್ಲದ್ದನ್ನು ಊರಿಗೆಲ್ಲ ಕಲಿಸುತ್ತಾನೆ.

ಬಿಸಿಎ ಮುಗಿಯಬೇಕಾದರೆ ಯಾವುದಾದರೂ ಸಂಸ್ಥೆಯಲ್ಲಿ ನಿಜವಾದ ಕೆಲಸ ಮಾಡಿ, ಅವರ ಲೆಟರ್‌ಹೆಡ್ಡಿನಲ್ಲಿ ಇಂಟರ್ನ್‌ಶಿಪ್ ಸರ್ಟಿಫಿಕೇಟು ತರಬೇಕಿತ್ತು. ತರದಿದ್ದರೆ ರಿಸಲ್ಟ್ ತಡೆಹಿಡಿಯುತ್ತಿದ್ದರು. ವರ್ಷ ಹೋಯಿತು ಅಂತಲೇ ಅರ್ಥ. ಒಂದು ವರ್ಷ ಮನೆಯಲ್ಲಿ ಕೂತರೆ ನನ್ನ ಗತಿ ಏನಾಗುತ್ತದೆಂದು ನನಗೆ ಗೊತ್ತಿತ್ತು. ನಂಗಲಿಯಲ್ಲಿ ಎರಡು ಲಾರಿ ಇಟ್ಟುಕೊಂಡವರ ಮನೆಯ ಸಂಬಂಧವೊಂದನ್ನು ಮಾವ ಆಗಲೇ ಅಮ್ಮನ ಕಿವಿಗೆ ಹಾಕಿದ್ದ. "ಓದು ಮುಗೀಲಿ" ಎಂದು ಅಮ್ಮ ಅದಕ್ಕೆ ಅಡ್ಡ ನಿಂತಿದ್ದಳು. ಮುಗಿಯದಿದ್ದರೆ ಅಡ್ಡ ನಿಲ್ಲಲು ಅವಳ ಹತ್ತಿರ ಬೇರೆ ಮಾತಿರಲಿಲ್ಲ.

ನನ್ನ ಜೊತೆಯವರಿಗೆ ಈ ಕಷ್ಟವಿರಲಿಲ್ಲ. ಮಾಲೂರಿನ ಒಬ್ಬನಿಗೆ ಅಪ್ಪನ ಸ್ನೇಹಿತರ ಫ್ಯಾಕ್ಟರಿಯಿಂದ ಸರ್ಟಿಫಿಕೇಟು ಮನೆಗೇ ಬಂತು. ಫ್ಯಾಕ್ಟರಿ ಯಾವ ರಸ್ತೆಯಲ್ಲಿದೆ ಎಂದು ಕೇಳಿದರೆ ಅವನಿಗೆ ಗೊತ್ತಿರಲಿಲ್ಲ. ಉಳಿದವರು ಬೆಂಗಳೂರಿನಲ್ಲಿ ರೆಡಿ ಪ್ರಾಜೆಕ್ಟ್ ಮಾರುವ ಅಂಗಡಿಗೆ ಹೋಗಿ ಬಂದರು. ನಮ್ಮ ಪ್ರಾಜೆಕ್ಟ್ ಗೈಡ್ ಸರ್ ಅದನ್ನೆಲ್ಲ ಸಂತೋಷದಿಂದ ಒಪ್ಪಿಕೊಂಡು, ನಾನು ಮಂಡಿಯ ಹೆಸರು ಹೇಳಿದಾಗ ಮಾತ್ರ ಕನ್ನಡಕ ತೆಗೆದರು.

"ಮಂಡೀಲೇನಮ್ಮ ಇಂಟರ್ನ್‌ಶಿಪ್ಪು? ಮಾವಿನಕಾಯಿ ಎಣಿಸ್ತೀಯಾ?"

ಆಪರೇಟಿಂಗ್ ಸಿಸ್ಟಮ್ ಪಾಠವನ್ನು ಗೈಡ್ ಪುಸ್ತಕ ನೋಡಿ ಬರೆಸಿದ ಮಹಾನುಭಾವರು ಅವರು. ಲ್ಯಾಬಿನ ಮೂಲೆಯಲ್ಲಿ ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದ ಮೆಷೀನನ್ನು ಯಾರೂ ಮುಟ್ಟುತ್ತಿರಲಿಲ್ಲವಾದ್ದರಿಂದಲೇ ಅದು ನನ್ನ ಪಾಲಿಗೆ ಬಂದದ್ದು. ಮೌಸ್ ಕೂಡ ಇರಲಿಲ್ಲ ಅದಕ್ಕೆ. ಕಪ್ಪು ಪರದೆಯ ಮೇಲೆ ಕಮಾಂಡು ಟೈಪು ಮಾಡಿಯೇ ಎಲ್ಲ ಕಲಿತೆ. ಆ ಮೆಷೀನು ನನಗೆ ಕಲಿಸಿದಷ್ಟನ್ನು ಆ ಕಾಲೇಜಿನಲ್ಲಿ ಮನುಷ್ಯರು ಯಾರೂ ಕಲಿಸಲಿಲ್ಲ.

ಶ್ರೀನಿವಾಸಪುರದಲ್ಲಿ ಮಾವಿನ ಸೀಸನ್ ಅಂದರೆ ಬೇರೇನೂ ನಡೆಯುವುದಿಲ್ಲ. ಗೌನಿಪಲ್ಲಿ ಕಡೆಯಿಂದ ತೋತಾಪುರಿ ತುಂಬಿಕೊಂಡು ಬರುವ ಟ್ರ್ಯಾಕ್ಟರುಗಳು ಒಂದು ಕಡೆ, ಆಂಧ್ರದ ಪಲ್ಪ್ ಫ್ಯಾಕ್ಟರಿಗಳಿಗೆ ಹೊರಡುವ ಲಾರಿಗಳು ಇನ್ನೊಂದು ಕಡೆ. ಪ್ರತಿ ಗಾಡಿಯೂ ತೂಕದ ಕಟ್ಟೆಯ ಮೇಲೆ ನಿಲ್ಲಬೇಕು, ತೂಕ ಕಂಪ್ಯೂಟರಿಗೆ ಹೋಗಬೇಕು, ಚೀಟಿ ಪ್ರಿಂಟಾಗಬೇಕು, ಆಮೇಲೆ ಗಾಡಿ ಕದಲಬೇಕು. ಆ ಮಂಡಿಯಲ್ಲಿ ಮಾವ ಕೀ ಒತ್ತಿದ ಮೇಲೆ ಡ್ರೈವರು ಇಳಿದು ಹೋಗಿ, ಟೀ ಕುಡಿದು, ಬೀಡಿ ಸೇದಿ, ವಾಪಸ್ಸು ಬಂದು ಬೈದ ಮೇಲೆ ಚೀಟಿ ಬರುತ್ತಿತ್ತು. ಹಿಂದಿನ ಗಾಡಿಗಳು ರಸ್ತೆಯವರೆಗೆ ಬಿಸಿಲಲ್ಲಿ ನಿಂತು ಕಾಯಿ ಕಾವೇರುತ್ತಿತ್ತು.

ಇದಕ್ಕೆ ಮಂಡಿಯವರು ಮಾಡಿದ್ದ ಚಿಕಿತ್ಸೆಗಳನ್ನು ಹೇಳಬೇಕು. ಮೊದಲು ಮೇಜನ್ನು ಈಶಾನ್ಯಕ್ಕೆ ತಿರುಗಿಸಿದ್ದರು. ಆಮೇಲೆ ಕ್ಯಾಬಿನೆಟ್ಟಿನ ಮೇಲೆ ನಿಂಬೆಹಣ್ಣು, ಮೆಣಸಿನಕಾಯಿ. ಅದೂ ಸಾಲದೆ ಇದ್ದ ಒಂದೇ ಟೇಬಲ್ ಫ್ಯಾನನ್ನು ಕಂಪ್ಯೂಟರಿನ ಕಡೆ ತಿರುಗಿಸಿಟ್ಟಿದ್ದರು; ಮೂಟೆ ಹೊರುವವರು ಬೆವರುತ್ತ ಕೂತಿದ್ದರು. ಕೊನೆಗೆ ಮುಳಬಾಗಿಲಿನಿಂದ ರಿಪೇರಿಯವನೊಬ್ಬನನ್ನು ಕರೆಸಿದ್ದರು. ಅವನು ಬಂದ ದಿನ ನಾನೂ ಅಲ್ಲಿದ್ದೆ. ಪರದೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ಒತ್ತಿ, ಏನನ್ನೋ ಹುಡುಕಿದ.

"ಇದ್ರಾಗೆ ರಿಫ್ರೆಶ್ಶೇ ಇಲ್ವಲ್ಲ ಸರ್" ಅಂದ, ತನ್ನ ಆಯುಧವನ್ನೇ ಯಾರೋ ಕದ್ದಿದ್ದಾರೆ ಅನ್ನುವ ಹಾಗೆ. ಆಮೇಲೆ ತೀರ್ಪು ಕೊಟ್ಟ. "ಇದು ಬಿಟ್ಟಿ ಸಿಗೋ ಲಿನಕ್ಸು. ಬಿಟ್ಟಿ ಸಿಕ್ಕಿದ್ದು ಹಿಂಗೇ ಇರ್ತೈತೆ. ಹಾರ್ಡ್ ಡಿಸ್ಕೂ ಹೋಗೈತೆ. ಆ ಕೆಂಪು ಲೈಟ್ ನೋಡಿ, ಆರ್ತಾನೇ ಇಲ್ಲ. ಸೋಮವಾರ ಹೊಸ ಕಂಪ್ಯೂಟರೇ ತಂದು ಕೂರಿಸ್ತೀನಿ."

ಅವನು ನೋಡಿದ ಒಂದೇ ಒಂದು ನಿಜವೆಂದರೆ ಆ ದೀಪ. ಅದಕ್ಕೂ ತಪ್ಪು ಅರ್ಥ ಕೊಟ್ಟು ಬೈಕು ಹತ್ತಿ ಹೋದ.

ಮಂಡಿಯ ಯಜಮಾನರು ನನ್ನನ್ನು ನೋಡಿದ್ದು ಆಗ. "ಏಮಯ್ಯಾ, ಈ ಪಿಲ್ಲ ಎವರು?" ಈ ಹುಡುಗಿ ಯಾರೆಂದು ಮಾವನನ್ನು ತೆಲುಗಿನಲ್ಲಿ ಕೇಳಿದರು.

"ನಮ್ಮಕ್ಕನ ಮಗಳು. ಕಂಪ್ಯೂಟರ್ ಓದ್ತಾವ್ಳೆ. ಕಾಗದ ಬೇಕಂತೆ. ಸುಮ್ನೆ ಹೋಗು ಅಂದೆ, ಕೇಳಲ್ಲ."

ನಾನೇ ಮುಂದೆ ಬಂದು ಹೇಳಿದೆ. "ಯಜಮಾನ್ರೇ, ಡಿಸ್ಕು ಹೋಗಿಲ್ಲ ಅನ್ಸುತ್ತೆ. ಎರಡು ದಿನ ಕೂತ್ಕೋತೀನಿ. ಯಾಕೆ ನಿಧಾನ ಅಂತ ಕಂಡುಹಿಡಿದು ಸರಿ ಮಾಡ್ತೀನಿ. ಮಾಡಿದ್ರೆ ಸರ್ಟಿಫಿಕೇಟ್ ಕೊಡಿ."

"ಕೊಡೋಣ" ಅಂದರು. "ಆದ್ರೆ ಸುಮ್ನೆ ಬಂದು ನೆರಳಲ್ಲಿ ಕೂತ್ಕೊಂಡ್ರೆ ಕೊಡಲ್ಲ. ಇದು ಓಡ್ಬೇಕು. ಸೋಮವಾರದೊಳಗೆ ಓಡಿದ್ರೆ ಸೈನು. ಇಲ್ಲಾಂದ್ರೆ ಹೊಸದು ಬರ್ತೈತೆ, ನಿನ್ನ ಕಾಗದಕ್ಕೂ ನನಗೂ ಸಂಬಂಧ ಇಲ್ಲ."

"ಆಗೋ ಮಾತಲ್ಲ" ಎಂದ ಮಾವ, ನನಗಲ್ಲ, ನಿಂಬೆಹಣ್ಣಿಗೆ.

ಮೊದಲು ನಾನು ಮಾಡಿದ್ದು ಕಂಪ್ಯೂಟರ್ ಮುಟ್ಟುವ ಕೆಲಸವಲ್ಲ, ಕೇಳುವ ಕೆಲಸ. ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ, ರಿಪೇರಿಯವನನ್ನೂ ಸೇರಿಸಿ.

"ಮಾವ, ಇದು ಚೆನ್ನಾಗಿ ಓಡ್ತಿದ್ದಿದ್ದು ಯಾವಾಗ?"

"ಸೀಸನ್ ಶುರುವಿನಾಗೆ ಕುದುರೆ ಓಡ್ದಂಗೆ ಓಡ್ತಿತ್ತು. ಬರ್ತಾ ಬರ್ತಾ ಹಿಂಗಾಯ್ತು. ಹೋದ ಸೀಸನ್ನಾಗೂ ಹಿಂಗೇ ಆಗಿತ್ತಲ್ಲ."

"ಆಗ ಹೆಂಗೆ ಸರಿಹೋಯ್ತು?"

"ಯುಪಿಎಸ್ ಬ್ಯಾಟರಿ ಸತ್ತು ಕಂಪ್ಯೂಟರು ಆರೋಯ್ತು. ಸೀಸನ್ ಮಧ್ಯ ಆರಿದ್ರೆ ಕೆಟ್ಟದ್ದು ಅಂತ ಯಜಮಾನ್ರು ಶಾಂತಿ ಮಾಡ್ಸಿದ್ರು. ಬೇರೆ ಬ್ಯಾಟರಿ ಹಾಕಿ ಹತ್ತಿಸಿದ್ಮೇಲೆ ಮತ್ತೆ ಕುದುರೆ. ಶಾಂತಿ ಮಾಡ್ಸಿದ್ಕೆ ಕಣಮ್ಮಿ."

ಉತ್ತರ ಅವರ ಕೈಯಲ್ಲೇ ಇತ್ತು, ಪುಣ್ಯವನ್ನು ಮಾತ್ರ ಪುರೋಹಿತರಿಗೆ ಕೊಟ್ಟಿದ್ದರು. ಆರಿ ಹತ್ತಿದರೆ ಸರಿಹೋಗುವ ಕಾಯಿಲೆ ಡಿಸ್ಕಿನದ್ದಲ್ಲ. ಒಳಗೆ ಏನೋ ದಿನದಿನಕ್ಕೆ ಪೇರಿಕೊಳ್ಳುತ್ತಿದೆ, ಆರಿದಾಗ ಖಾಲಿಯಾಗುತ್ತದೆ. ಒಂದು ಸಲ ಆರಿಸಿ ನೋಡೋಣವೇ ಎಂದು ಕೇಳಿದೆ. ಮಾವ ಎದ್ದು ನಿಂತುಬಿಟ್ಟ. ಸೀಸನ್ನಿನ ಮೊದಲ ದಿನ ಪೂಜೆ ಮಾಡಿ ಹತ್ತಿಸಿದ್ದನ್ನು ಕೊನೆಯ ಲಾರಿ ಹೋಗುವ ತನಕ ಆರಿಸುವ ಪದ್ಧತಿ ಆ ಮಂಡಿಯಲ್ಲಿಲ್ಲ. ಇರಲಿ. ಆರಿಸಿದ್ದರೂ ಕಾರಣ ತಿಳಿಯುತ್ತಿರಲಿಲ್ಲ, ತಿಂಗಳೊಳಗೆ ಮತ್ತೆ ಅದೇ ಕಥೆ.

ಕಮಾಂಡು ಟೈಪು ಮಾಡುವ ಟರ್ಮಿನಲ್ ತೆರೆದೆ. ಕಪ್ಪು ಪರದೆ ಬಂದದ್ದೇ ಮಾವ "ಹಾಳು ಮಾಡ್ದೆ" ಎಂದ. ಟಾಪ್ ಎಂಬ ಕಮಾಂಡು ಕೊಟ್ಟರೆ ಮೆಷೀನಿನ ಒಳಗೆ ಯಾರು ಯಾರು ಎಷ್ಟು ದುಡಿಯುತ್ತಿದ್ದಾರೆ ಎಂದು ತೋರಿಸುತ್ತದೆ. ಪ್ರೊಸೆಸರ್ ಹೆಚ್ಚು ಕಡಿಮೆ ಸುಮ್ಮನೆ ಕೂತಿತ್ತು. ಕೆಲಸ ಮಾತ್ರ ಬೆಟ್ಟದಷ್ಟು ಕಾಯುತ್ತಿತ್ತು. ದುಡಿಯುವವನು ಸುಮ್ಮನೆ, ಕೆಲಸವೂ ಬಾಕಿ ಅಂದರೆ ಅವನು ಬೇರೆ ಯಾರಿಗೋ ಕಾಯುತ್ತಿದ್ದಾನೆ ಎಂದು ಅರ್ಥ. ಅದೇ ಸಾಲಿನಲ್ಲಿ ಡಿಸ್ಕಿಗಾಗಿ ಕಾದ ಹೊತ್ತಿನ ಅಂಕಿ ಇರುತ್ತದೆ. ಅದು ಮೇಲೇರಿ ಕೂತಿತ್ತು. ಡಿಸ್ಕು ನಿಜವಾಗಿ ಕೆಟ್ಟಿದೆಯೋ ಎಂದು ಸಿಸ್ಟಮಿನ ಸಂದೇಶಗಳನ್ನು ತೆಗೆದು ಓದಿದೆ. ಒಂದೇ ಒಂದು ದೂರೂ ಇರಲಿಲ್ಲ. ಮುಳಬಾಗಿಲಿನ ಪಂಡಿತ ಅದನ್ನು ನೋಡಲು ಒಂದು ಸಾಲು ಟೈಪು ಮಾಡಿದ್ದರೆ ಸಾಕಿತ್ತು.

ಆಮೇಲೆ ಮೆಮೊರಿ ಎಷ್ಟಿದೆ ಎಂದು ನೋಡಿದೆ. ಪೂರ್ತಿ ತುಂಬಿತ್ತು. ಮೆಮೊರಿ ತುಂಬಿದಾಗ ಲಿನಕ್ಸು ಡಿಸ್ಕಿನಲ್ಲಿ ಎತ್ತಿಟ್ಟುಕೊಂಡ ಸ್ವಾಪ್ ಎಂಬ ಜಾಗಕ್ಕೆ ಸಾಮಾನು ಸಾಗಿಸುತ್ತದೆ. ಅದೂ ತುಂಬುತ್ತ ಬಂದಿತ್ತು. ಸಾಗಾಟವನ್ನು ತೋರಿಸುವ ಕಮಾಂಡು ಕೊಟ್ಟಾಗ ಒಳಗೆ ಹೋಗುವ ಅಂಕಿ, ಹೊರಗೆ ಬರುವ ಅಂಕಿ ಎರಡೂ ನಿಲ್ಲದೆ ಓಡುತ್ತಿದ್ದವು. ಕೆಂಪು ದೀಪ ಆರದೆ ಇದ್ದದ್ದು ಇದಕ್ಕೆ.

"ಏನಂತೈತೆ?" ಎಂದ ಮಾವ.

"ಜಗಲಿ ತುಂಬೈತೆ ಮಾವ. ಕ್ರೇಟು ಇಡೋಕೆ ಜಾಗ ಇಲ್ಲ ಅಂತ ರಸ್ತೆ ಆಚೆ ಗೋಡೌನಿಗೆ ಹಾಕ್ತೈತೆ. ಬೇಕಾದಾಗ ಇನ್ನೊಂದು ಕ್ರೇಟು ಅತ್ಲಾಗೆ ಹಾಕಿ, ಇದನ್ನ ಇತ್ಲಾಗೆ ತರ್ತೈತೆ. ದಿನಾ ಪೂರ್ತಿ ಹೊರೋದೇ ಕೆಲಸ, ತೂಗೋಕೆ ಪುರಸೊತ್ತಿಲ್ಲ."

ಮಾವನಿಗೆ ಅರ್ಥವಾಯಿತು. ಅರ್ಥವಾಯಿತು ಎಂಬುದೇ ಅವನಿಗೆ ಸೇರಲಿಲ್ಲ.

ಜಗಲಿ ತುಂಬಿದವರು ಯಾರು ಎಂಬುದಷ್ಟೇ ಉಳಿದದ್ದು. ಹೆಚ್ಚು ಮೆಮೊರಿ ತಿಂದವರನ್ನು ಮೇಲಿನಿಂದ ಸಾಲಾಗಿ ನಿಲ್ಲಿಸಿದೆ. ಸಾಲಿನುದ್ದಕ್ಕೂ ಒಂದೇ ಪ್ರೋಗ್ರಾಮು. ತೂಕದ ಚೀಟಿಯ ಪ್ರೋಗ್ರಾಮು. ಪರದೆಯ ಕೊನೆ ದಾಟಿ ಇಳಿಯುತ್ತಲೇ ಇತ್ತು. ಪಕ್ಕದಲ್ಲಿ ಪ್ರತಿಯೊಂದೂ ಶುರುವಾದ ದಿನ: ಇವತ್ತಿನದು, ನಿನ್ನೆಯದು, ಮೊನ್ನೆಯದು, ಹಾಗೇ ಹಿಂದೆ ಹಿಂದೆ ಸೀಸನ್ನಿನ ಮೊದಲ ಪೂಜೆಯವರೆಗೆ, ದಿನಕ್ಕೊಂದು.

"ಮಾವ, ಬೆಳಿಗ್ಗೆ ಬಂದು ಏನ್ ಮಾಡ್ತೀಯ? ಮಾಡಿ ತೋರ್ಸು."

ತೋರಿಸಿದ. ಊದುಬತ್ತಿ ಹಚ್ಚಿ ಮೂರು ಸುತ್ತು ಸುತ್ತಿ, ಪರದೆಯ ಅಂಚಿನ ಒಂದು ಚೌಕ ಒತ್ತಿದ. ಖಾಲಿ ಪರದೆ ಬಂತು. ಲಿನಕ್ಸಿನಲ್ಲಿ ಒಂದರ ಪಕ್ಕ ಒಂದು ಎಂದು ಬೇಕಾದಷ್ಟು ಖಾಲಿ ಪರದೆ ತೆಗೆಯಬಹುದು. ಹಿಂದಿನದು ಮರೆಯಾಗುತ್ತದೆ, ಮುಚ್ಚುವುದಿಲ್ಲ. ಅಲ್ಲಿ ಪ್ರೋಗ್ರಾಮಿನ ಚಿತ್ರವನ್ನು ಎರಡು ಸಲ ಒತ್ತಿದ. ಹೊಸ ದಿನ, ಹೊಸ ಸ್ಕ್ರೀನು.

"ನಿನ್ನೇದನ್ನ ಕ್ಲೋಸ್ ಮಾಡಲ್ವಾ?"

"ಬಿಡ್ತು ಅನ್ನು" ಅಂದ. "ಸಾಯಂಕಾಲ ಬಾಗ್ಲು ಹಾಕೋವಾಗ್ಲೂ ನಾವು ಮುಚ್ಚಿದ್ವಿ ಅನ್ನಲ್ಲ, ಮುಂದಕ್ ಮಾಡಿದ್ವಿ ಅಂತೀವಿ. ಸೀಸನ್ನಾಗೆ ಲಕ್ಷ್ಮಿ ಕೂತಿರೋ ಜಾಗ. ಅಲ್ಲಿ ಗುಣಿಸೋ ಗುರುತು ಹಾಕಿ ಮುಚ್ಚೋದಾ? ನನ್ನ ಕೈಲಾಗಲ್ಲ. ಯಜಮಾನ್ರೇ ಹೇಳವ್ರೆ."

ಇಷ್ಟೇ. ಮುಚ್ಚಬಾರದು ಎಂದು ಬಿಟ್ಟ ಆ ಸ್ಕ್ರೀನುಗಳು ಸತ್ತಿರಲಿಲ್ಲ. ಒಂದೊಂದೂ ಆ ಸೀಸನ್ನಿನ ಎಲ್ಲ ಚೀಟಿಗಳನ್ನು ಮಡಿಲಲ್ಲಿಟ್ಟುಕೊಂಡು, ಗಳಿಗೆಗೊಂದು ಸಲ ಮೊದಲಿನಿಂದ ಮೊತ್ತ ಕೂಡುತ್ತ ಕೂತಿತ್ತು. ಮೊನ್ನೆಯದೂ, ಹೋದ ವಾರದ್ದೂ. ಯಾರೂ ನೋಡದ ಮೊತ್ತವನ್ನು ಇಡೀ ಸಾಲು ಕೂಡುತ್ತಿದ್ದರೆ ಇವತ್ತಿನ ಲಾರಿಗೆ ಚೀಟಿ ಬರುವುದು ಎಲ್ಲಿಂದ? ಅಷ್ಟನ್ನೆಲ್ಲ ಹೊತ್ತುಕೊಂಡೂ ಆ ಬಡ ಮೆಷೀನು ನಡೆಯುತ್ತಿತ್ತಲ್ಲ, ಬಿಟ್ಟಿ ಸಿಕ್ಕಿದ್ದು ಎಂದು ಬೈಸಿಕೊಂಡು.

ಮಾರನೆಯ ದಿನ ಯಜಮಾನರಿಗೆ ಹೇಳಿದೆ. ಮಾವನ ಹೆಸರು ತರಲಿಲ್ಲ. ಪದ್ಧತಿ ಅವರದೇ, ಬೈಯಬೇಕಾದರೆ ತಮ್ಮನ್ನೇ ಬೈದುಕೊಳ್ಳಬೇಕಿತ್ತು. ಅವರು ಬೈದುಕೊಳ್ಳಲಿಲ್ಲ. ಅಂಥವರು ಬೈದುಕೊಳ್ಳುವುದಿಲ್ಲ.

"ಮುಚ್ಚೋದು ಅನ್ನೋ ಮಾತು ನನ್ನ ಮಂಡೀಲಿ ಬೇಡ" ಅಂದರು. "ಮಂಡಿಯವರ ಕೈಯಿಂದ ಆಗೋದು ಬೇಡ. ಹೊಸ ಕಂಪ್ಯೂಟರೇ ಬರ್ಲಿ ಬಿಡು."

ಹೊಸದರಲ್ಲೂ ಮಾವ ದಿನಕ್ಕೊಂದು ಸ್ಕ್ರೀನು ತೆರೆಯುತ್ತಾನೆ, ಮುಂದಿನ ಸೀಸನ್ನಿಗೆ ಮುಳಬಾಗಿಲಿನವನು ಇನ್ನೊಂದು ಮಾರುತ್ತಾನೆ. ನನ್ನ ಕಾಗದ ಮಾತ್ರ ಬರುವುದಿಲ್ಲ. ನಂಗಲಿಯ ಎರಡು ಲಾರಿ ಕಣ್ಣ ಮುಂದೆ ಬಂದವು.

"ಮಂಡಿಯವರ ಕೈ ಬೇಡ" ಅಂದೆ. "ನೀವು ನನ್ನನ್ನ ಕೆಲಸಕ್ಕೆ ಇಟ್ಕೊಂಡಿಲ್ಲ. ಹೆಣ್ಣುಮಕ್ಕಳು ಹೊರಗಿನೋರು, ಇನ್ನೊಬ್ಬರ ಮನೆ ಸೊತ್ತು ಅಂತ ಮಾವ ಚಿಕ್ಕಂದಿನಿಂದ ಹೇಳ್ಕೊಂಡೇ ಬಂದವ್ನೆ. ಹೊರಗಿನೋಳ ಕೈಯಿಂದ ಆಗ್ಲಿ. ದೋಷ ಏನಿದ್ರೂ ನನಗೆ. ಮೊದಲ್ನೇ ದಿನ ಪೂಜೆ ಮಾಡಿದ ಸ್ಕ್ರೀನ್ ಒಂದನ್ನ ಮುಟ್ಟಲ್ಲ, ಅದು ಹಂಗೇ ಇರ್ತೈತೆ. ಮಿಕ್ಕಿದ್ದು ತೆಗೀತೀನಿ."

ಯಜಮಾನರು ಮಾವನನ್ನು ನೋಡಿದರು. ತಾನು ಇಷ್ಟು ವರ್ಷ ಹೇಳಿದ ಮಾತು ಸುಳ್ಳು ಎಂದು ಮಾವ ಹೇಗೆ ಹೇಳಿಯಾನು? "ಅದು ಸರಿಯೇ, ಹೊರಗಿನೋಳೇ" ಎಂದು ಗೊಣಗಿದ.

"ಪೂಜೇದು ಇರ್ತದಾ? ನಿಜವಾಗ್ಲೂ?"

"ಸೀಸನ್ ಪೂರ್ತಿ ಅದೊಂದೇ ಇರ್ತೈತೆ. ಬೆಳಿಗ್ಗೆ ಚಿತ್ರ ಒತ್ತಿದ್ರೆ ಹೊಸದು ಬರಲ್ಲ, ಅದೇ ಮುಂದೆ ಬರೋ ಹಂಗೆ ಮಾಡ್ತೀನಿ."

ಅವರ ಮುಖ ಅರಳಿತು. ಲಕ್ಷ್ಮಿ ಒಂದೇ ಕಡೆ ಕೂರುವುದು ಒಳ್ಳೆಯದು ಎಂದು ಅವರೇ ಒಂದು ಶಾಸ್ತ್ರ ಕಂಡುಹಿಡಿದರು. ಮೂಢನಂಬಿಕೆಯ ಜೊತೆ ವಾದ ಮಾಡುವಷ್ಟು ಬಿಡುವು ಇರುವುದು ಬೇರೆಯವರ ದುಡ್ಡಿನಲ್ಲಿ ಓದಿದವರಿಗೆ.

ಮೊದಲು ಚೀಟಿಗಳೆಲ್ಲದರ ಪ್ರತಿಯನ್ನು ಪೆನ್‌ಡ್ರೈವಿಗೆ ತೆಗೆದಿಟ್ಟೆ. ನಮ್ಮ ಕ್ಲಾಸಿನ ಶೂರರಾಗಿದ್ದರೆ ಎಲ್ಲವನ್ನೂ ಒಂದೇ ಏಟಿಗೆ ಕೊಲ್ಲುವ ಕಮಾಂಡು ಕೊಟ್ಟು ಕಾಲರ್ ಏರಿಸಿಕೊಳ್ಳುತ್ತಿದ್ದರು. ಅರ್ಧ ಬರೆದ ಚೀಟಿ ಇದ್ದರೆ ಅದರ ಜೊತೆಗೆ ಹೋಗುತ್ತದೆಂಬ ಚಿಂತೆ ಅವರಿಗಿಲ್ಲ. ನಾನು ಹಳೆಯ ಸ್ಕ್ರೀನು ಒಂದೊಂದನ್ನೇ ಮುಂದೆ ತಂದು, ನೋಡಿ, ಮುಚ್ಚುವುದೆಂದು ಇಟ್ಟುಕೊಂಡೆ.

ಮೊದಲು ಕೈಗೆ ಸಿಕ್ಕಿದ್ದರ ಗುಣಾಕಾರದ ಗುರುತು ಒತ್ತಿದೆ. ಏನೂ ಆಗಲಿಲ್ಲ. ಪರದೆ ಕಲ್ಲಾಯಿತು. ಮೌಸು ಕೂಡ ಕದಲಲಿಲ್ಲ. ತೂಕದ ಕಟ್ಟೆಯ ಮೇಲೆ ಲಾರಿಯೊಂದು ನಿಂತಿತ್ತು, ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಡ್ರೈವರುಗಳು ಕಿಟಕಿಯಲ್ಲಿ ತಲೆ ತೂರಿಸಿದರು.

"ಏನ್ಲಾ, ಹುಡುಗಿ ಕೈಗೆ ಕೊಟ್ಟವ್ರೆ?"

"ಕಾಯಿ ಹಣ್ಣಾದ್ಮೇಲೆ ಚೀಟಿ ಕೊಡ್ತಾರಂತೆ ಬಿಡ್ಲಾ."

"ನಾನು ಅವತ್ತೇ ಹೇಳ್ದೆ" ಎಂದ ಮಾವ, ಈಗ ಎಲ್ಲರಿಗೂ ಕೇಳುವಂತೆ. "ಇದು ಆಗೋ ಮಾತಲ್ಲ ಅಂತ."

ಆದರೆ ಏನಾಗುತ್ತಿದೆ ಎಂದು ನನಗೆ ತಿಳಿದಿತ್ತು. ಆ ಸ್ಕ್ರೀನಿನ ಸಾಮಾನೆಲ್ಲ ಗೋಡೌನಿನಲ್ಲಿತ್ತು. ಮುಚ್ಚಬೇಕಾದರೂ ಅದನ್ನು ಮೊದಲು ಜಗಲಿಗೆ ತರಬೇಕು, ತರಲು ಇನ್ನೊಂದನ್ನು ಆಚೆ ಹಾಕಬೇಕು. ಕೆಂಪು ದೀಪ ಉರಿಯುತ್ತಲೇ ಇತ್ತು. ಉರಿಯುವವರೆಗೆ ಹೊರುತ್ತಿದೆ ಎಂದು ಅರ್ಥ. ಮಾವ ಸ್ವಿಚ್ಚಿನ ಕಡೆ ಕೈ ಚಾಚಿದ. ಆರಿಸಬಾರದು ಎಂದು ಊರಿಗೆಲ್ಲ ಹೇಳಿದವನು, ಹಾರ್ನ್ ಕೇಳಿದ್ದೇ ಆರಿಸಲು ಹೊರಟಿದ್ದ. ಅವನ ಕೈ ಹಿಡಿದುಕೊಂಡೆ. ಹಾಗೆ ಅವನ ಕೈ ಹಿಡಿದದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಸ್ಕ್ರೀನು ಮುಚ್ಚಿತು. ಎರಡನೆಯದೂ ಸತಾಯಿಸಿತು, ಆದರೆ ಮೊದಲಿನಷ್ಟಲ್ಲ. ಮೂರನೆಯದು ಇನ್ನೂ ಬೇಗ. ಜಗಲಿಯಲ್ಲಿ ಜಾಗ ತೆರವಾದ ಹಾಗೆಲ್ಲ ಮುಂದಿನದಕ್ಕೆ ದಾರಿ ಸಲೀಸಾಯಿತು. ಆಮೇಲೆ ಒತ್ತಿದ್ದೇ ತಡ ಮಾಯವಾಗತೊಡಗಿದವು. ಹೋದ ವಾರ ಹೋಯಿತು, ಅದರ ಹಿಂದಿನದು ಹೋಯಿತು, ಸೀಸನ್ನಿನ ಮೊದಲ ದಿನದ್ದು ಒಂದೇ ಉಳಿಯಿತು. ಕೆಂಪು ದೀಪ ಎರಡು ಸಲ ಮಿಟುಕಿ ಆರಿತು.

ಕಟ್ಟೆಯ ಮೇಲಿದ್ದ ಲಾರಿಯ ನಂಬರು ಒತ್ತು ಎಂದು ಮಾವನಿಗೆ ಹೇಳಿದೆ. ಒತ್ತಿ ಅವನು ಅಭ್ಯಾಸದಂತೆ ಕುರ್ಚಿಗೆ ಒರಗುವಷ್ಟರಲ್ಲಿ ಚೀಟಿ ಪ್ರಿಂಟರಿನಿಂದ ನಾಲಿಗೆ ಚಾಚಿತ್ತು. ಡ್ರೈವರು ಟೀ ಅಂಗಡಿಯಲ್ಲಿದ್ದ. ಆ ಸೀಸನ್ನಿನಲ್ಲಿ ಮೊದಲ ಸಲ ಚೀಟಿ ಡ್ರೈವರಿಗೆ ಕಾಯಿತು.

ಉಳಿದದ್ದು ಸಣ್ಣ ಕೆಲಸ. ಪ್ರೋಗ್ರಾಮಿನ ಚಿತ್ರ ಒತ್ತಿದಾಗ, ಈಗಾಗಲೇ ಒಂದು ತೆರೆದಿದೆಯೇ ಎಂದು ನೋಡಿ, ಇದ್ದರೆ ಅದನ್ನೇ ಮುಂದೆ ತರುವ ನಾಲ್ಕಾರು ಸಾಲು ಬರೆದು ಕೂರಿಸಿದೆ. ಮಾವ ಮಾರನೆಯ ಬೆಳಿಗ್ಗೆ ಊದುಬತ್ತಿ ಸುತ್ತಿ, ಖಾಲಿ ಪರದೆ ತೆಗೆದು, ಎರಡು ಸಲ ಒತ್ತಿದ. ಪೂಜೆಯ ದಿನದ ಸ್ಕ್ರೀನೇ ಎದುರಿಗೆ ಬಂತು. ಮತ್ತೆ ಒತ್ತಿದ. ಅದೇ. ಸಿಟ್ಟಿಗೆದ್ದು ನಾಲ್ಕೈದು ಸಲ ಒತ್ತಿದ. ಅದೇ. ಅವನಿಗಿಂತ ಹಟಮಾರಿಯಾದದ್ದೊಂದು ಆ ಮಂಡಿಯಲ್ಲಿ ಇದ್ದದ್ದು ಅದೇ ಮೊದಲಿರಬೇಕು.

ಸೋಮವಾರ ಮುಳಬಾಗಿಲಿನವನು ಹೊಸ ಕಂಪ್ಯೂಟರಿನ ಪೆಟ್ಟಿಗೆಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದ. ಯಜಮಾನರು ಅದನ್ನು ಇಳಿಸಲೂ ಬಿಡಲಿಲ್ಲ. ಅವನು ಒಳಗೆ ಇಣುಕಿ, "ರಿಫ್ರೆಶ್ ಹಾಕಿದ್ರಾ?" ಎಂದು ಕೇಳಿದ. ಹೌದು ಅಂದೆ. ಅವನಿಗೆ ಅಷ್ಟು ಸಾಕು.

ಸರ್ಟಿಫಿಕೇಟನ್ನು ಕಾಲೇಜಿನ ನಮೂನೆಯಂತೆ ನಾನೇ ಟೈಪು ಮಾಡಿ ಲೆಟರ್‌ಹೆಡ್ಡಿನ ಮೇಲೆ ಪ್ರಿಂಟು ತೆಗೆದೆ, ಆ ಕಂಪ್ಯೂಟರಿನಲ್ಲೇ. ರಾಹುಕಾಲ ಕಳೆಯಲಿ ಎಂದು ಯಜಮಾನರು ಕಾಯಿಸಿದರು. ಕಳೆದ ಮೇಲೆ ಕೈ ತೊಳೆದು ಬಂದು, ಸೈನು ಹಾಕಿ, ಸೀಲು ಒತ್ತಿ, ಬಲಗೈಯಿಂದ ಕೊಟ್ಟರು. ನಮ್ಮ ವಂಶದಲ್ಲಿ ಯಾರಿಗೂ ಯಾರೂ ಬರೆದು ಕೊಡದ ಮಾತು ಅದರಲ್ಲಿತ್ತು: ಈಕೆ ಈ ಕೆಲಸವನ್ನು ಯಶಸ್ವಿಯಾಗಿ ಮಾಡಿರುತ್ತಾರೆ. ಇಂಗ್ಲಿಷಿನಲ್ಲಿ. ಹೊರಗಿನವಳಿಗೆ.

ಹೊರಡುವಾಗ ಮಾವ ಬಸ್ ಸ್ಟ್ಯಾಂಡಿನವರೆಗೆ ಬಂದ. ಕಾಗದ ಇಸಿದುಕೊಂಡು ಮೇಲಿಂದ ಕೆಳಗೆ ಎರಡು ಸಲ ಕಣ್ಣಾಡಿಸಿದ. ಇಂಗ್ಲಿಷು ಅವನಿಗೆ ಓದಲು ಬರುವುದಿಲ್ಲ. ಅದನ್ನು ಹೇಳುವವನೂ ಅಲ್ಲ.

"ಕಂಪ್ಯೂಟರು ಯಾಕೆ ನಿಧಾನ ಆಗಿತ್ತು ಅಂತ ಇದ್ರಾಗೆ ಬರ್ದವ್ರಾ?"

"ಇಲ್ಲ ಮಾವ."

ಕಾಗದವನ್ನು ಹುಷಾರಾಗಿ ನನ್ನ ಕೈಗೆ ವಾಪಸ್ಸಿಟ್ಟ.

"ಹಂಗಾದ್ರೆ ಲ್ಯಾಮಿನೇಷನ್ ಮಾಡ್ಸು."